ತಬ್ಬಲಿ ಮರಿಗೆ ತೊಡಿಸಿದ ತೊಗಲು

ಲಡಾಯಿಯ ಕಾಲ. ರಾಯಚೂರಿನ ಗುತ್ತೇದಾರರು ಫೌಜಿನವರ ಊಟಕ್ಕೆಂದು ಹಳ್ಳಿಹಳ್ಳಿ ಅಲೆದು ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ಕುರ್ಡಿಯ ಕುರಿಗಾರ ಸಿದ್ದರಾಮಪ್ಪನ ಮಗ ಹನುಮಂತ್ರಾಯನಿಗಂತೂ ಕುರಿ ಕಂಡರೆ ಮಾಂಸದ ತೂಕವಷ್ಟೇ ಕಣ್ಣಿಗೆ ಬೀಳುತ್ತಿತ್ತು. ಮಗನ ಮೇಲಿನ ಆಸೆಯನ್ನು ಮುದುಕ ಎಂದೋ ಬಿಟ್ಟಿದ್ದ. ಮೊಮ್ಮಗಳು ಯಂಕಮ್ಮನಾದರೂ ಕುರಿಗೂ ಒಂದು ಜೀವವಿದೆ ಎಂದು ತಿಳಿಯಲಿ, ಇಷ್ಟೇ ಅವನಿಗೆ ಬೇಕಿದ್ದದ್ದು. ಅದಕ್ಕೇ ಅವಳನ್ನು ಹೊಲದಲ್ಲಿ ಹಾಕಿದ್ದ ಕುರಿಹಟ್ಟಿಗೆ ಕರೆತಂದ.

ಹುಡುಗಿ ಚುರುಕು. ಗೊರಸಿನ ಸಂದಿಯ ಮುಳ್ಳು ತೆಗೆಯುವುದು, ಕುಂಟುವ ಕುರಿಯನ್ನು ಗುಂಪಿನಲ್ಲಿ ಗುರುತಿಸುವುದು, ಎಲ್ಲ ಬೇಗ ಕಲಿತಳು. ತಾಯಿ ಸತ್ತ ಒಂದು ಎಳೆಮರಿಯನ್ನು ಕಂಬಳಿಯಲ್ಲಿ ಸುತ್ತಿ ಮಗ್ಗುಲಲ್ಲೇ ಮಲಗಿಸಿಕೊಂಡಳು. ಆಡಿನ ಹಾಲಿನಲ್ಲಿ ಬೆರಳು ಅದ್ದಿ ಚೀಪಿಸಿದಳು. ಮರಿ ಸೊರಗುತ್ತಲೇ ಹೋಯಿತು.

"ಬದುಕ್ತದೇನು ಮುತ್ಯಾ?"

"ಬದುಕ್ತದ ಬಿಡವ್ವಾ. ನೀ ಇದ್ದೀಯಲ್ಲ."

ಅಷ್ಟರಲ್ಲಿ ಬಿಳಿಮೂತಿಯ ಕುರಿಯೊಂದು ಈಯಿತು, ಅದರ ಮರಿ ಸತ್ತಿತು. ಕೆಚ್ಚಲ ತುಂಬ ಹಾಲು. ಆದರೆ ತನ್ನ ಮರಿಯ ವಾಸನೆ ಸಿಗದಿದ್ದರೆ ಕುರಿ ಮೊಲೆ ಕೊಡುವುದಿಲ್ಲ. ಅದಕ್ಕೆ ಕುರಿಗಾರರು ಸತ್ತ ಮರಿಯ ತೊಗಲು ಸುಲಿದು ತಬ್ಬಲಿಗೆ ತೊಡಿಸುತ್ತಾರೆ. ಮೂಸಿ ನೋಡಿದ ತಾಯಿ ಇದು ತನ್ನದೇ ಎಂದು ನಂಬುತ್ತದೆ. ಸಿದ್ದರಾಮಪ್ಪ ಹುಡುಗಿಯನ್ನು ನೀರಿಗೆ ಕಳಿಸಿ ಚೂರಿ ತೆಗೆದ. ಸುಲಿಯುವುದನ್ನು ಕಂಡು ಕೂಸು ಹೆದರೀತು ಎಂಬ ಕಕ್ಕುಲಾತಿ. ಸುಡುಗಾಡು ಕಕ್ಕುಲಾತಿ!

ಅವಳು ಬಂದಾಗ ಮರಿ ಬಾಲ ಅಲ್ಲಾಡಿಸುತ್ತ ಹಾಲು ಕುಡಿಯುತ್ತಿತ್ತು. ಅವಳು ಕುಣಿದಾಡಿದಳು.

"ಮೈಮ್ಯಾಗ ಏನದು ಮುತ್ಯಾ?"

"ಅಂಗಿ ಅವ್ವಾ. ಚಳಿ ಅದಲ್ಲ, ಹಾಕೀನಿ."

ಮರುದಿನ ಬಿಸಿಲೇರಿತು. ಕುರಿಗಳು ಮುದುಕನ ಜೊತೆ ಮೇಯಲು ಹೋದವು, ಎಳೆಮರಿಗಳು ಹಟ್ಟಿಯಲ್ಲಿ ಉಳಿದವು. ಅಂಗಿಗೆ ನೊಣ ಮುತ್ತಿದವು, ನಾತ ಬಂತು.  ಯಂಕಮ್ಮ ಅದಕ್ಕೆ ಕಟ್ಟಿದ್ದ ದಾರ ಬಿಚ್ಚಿ, ತೊಗಲನ್ನು ಲಂಗದಲ್ಲಿ ಕಟ್ಟಿಕೊಂಡು, ಮರಿಯನ್ನು ಎತ್ತಿ ಹಳ್ಳಕ್ಕೆ ಒಯ್ದಳು. ತೊಗಲನ್ನು ನೀರಿಗೆ ಬಿಟ್ಟಳು. ಮರಿಯ ಮೈಯನ್ನು ಚೆನ್ನಾಗಿ ತಿಕ್ಕಿ ತೊಳೆದಳು.

ಸಂಜೆ ಬಿಳಿಮೂತಿ ಓಡಿ ಬಂತು. ಮರಿಯನ್ನು ಮೂಸಿತು, ಹಿಂದೆ ಸರಿಯಿತು, ತಲೆಯಿಂದ ದೂಡಿತು.

"ಅಂಗಿ ಎಲ್ಲಿ ಯವ್ವಾ?"

"ಹೊಲಸಾಗಿತ್ತು ಮುತ್ಯಾ, ಹಳ್ಳಕ್ಕ ಬಿಟ್ಟೆ. ಜಳಕ ಮಾಡಿಸೀನಿ, ನೋಡು ಎಷ್ಟು ಬೆಳ್ಳಗಾಗ್ಯದ!"

 ಮುದುಕ ಕುರಿಯ ಹಾಲನ್ನೇ ಮರಿಯ ಮೈಗೆ ಸವರಿದ. ಕುರಿಯ ಕಾಲು ಹಿಡಿದು ಮೊಲೆ ಬಾಯಿಗಿಟ್ಟ. ತಣ್ಣೀರಿಗೆ ಸೆಟೆದಿದ್ದ ಮರಿಗೆ ಚೀಪುವ ಶಕ್ತಿಯೇ ಇರಲಿಲ್ಲ. ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು.

"ಯಾಕ ಸತ್ತಿತು ಮುತ್ಯಾ?"

ಕಲಿಸಬೇಕಾದ ಗಳಿಗೆಯೆಂದರೆ ಇದೇ. ಆದರೆ ಆ ಮುಖ ನೋಡಿ ನೀನೇ ಕೊಂದೆ ಎನ್ನಲು ಯಾರಿಗಾದರೂ ಬಂದೀತೆ?

"ಆ ಕುರಿ ಹಾಲು ಕೊಡ್ಲಿಲ್ಲವ್ವಾ. ಕೆಟ್ಟ ಕುರಿ ಅದು."

ಯಂಕಮ್ಮ ಅಳಲಿಲ್ಲ. ಎದ್ದು ಕಲ್ಲೊಂದನ್ನು ತೆಗೆದುಕೊಂಡು ಬಿಳಿಮೂತಿಗೆ ಬೀಸಿದಳು. ಅದು ಮೂತಿಗೇ ಬಡಿಯಿತು.

"ಇದನ್ನ ಕೊಯ್ಯಾಕ ಕೊಡು ಮುತ್ಯಾ. ಇವತ್ತ ಕೊಡು."

ಕುರಿ ಓಡಿಹೋಗಲಿಲ್ಲ. ಅರಚುತ್ತ ಅವಳ ಹತ್ತಿರವೇ ಬಂದು, ನಿನ್ನೆ ತೊಗಲು ಕಟ್ಟಿಕೊಂಡಿದ್ದ ಲಂಗಕ್ಕೆ ಮೂತಿ ಹಚ್ಚಿ ಮೂಸತೊಡಗಿತು. ಅದು ಏನನ್ನು ಹುಡುಕುತ್ತಿದೆ ಎಂದು ಮುದುಕನಿಗೆ ಗೊತ್ತಿತ್ತು. ಹುಡುಗಿಯ ಕೈ ಹಿಡಿಯಲು ಮುಂದೆ ಬಂದ. ಹಿಡಿದರೆ ಯಾಕೆಂದು ಕೇಳುತ್ತಾಳೆ. ಅಲ್ಲೇ ನಿಂತುಬಿಟ್ಟ.

ಅವಳು ಇನ್ನೊಂದು ಕಲ್ಲಿಗೆ ಬಗ್ಗಿದಳು.