ಕೋಟಿನೊಳಗಿನ ಕತ್ತರಿ

ಟೈಲರಮ್ಮನ ಪುಟ್ಟ ಕತ್ತರಿ ಕಾಣೆಯಾದದ್ದು ಹತ್ತು ಗಂಟೆಗೆ. ಕಳ್ಳಿ ಸಿಕ್ಕಿದ್ದು ಹತ್ತು ಗಂಟೆ ಒಂದು ನಿಮಿಷಕ್ಕೆ.

“ಇನ್ಯಾರು ತಗೋತಾರೆ? ಇವಳೇ!” ಎಂದು ತಂಗಿಯ ಮಗಳತ್ತ ಬೆರಳು ತೋರಿದಳು. ಹದಿಮೂರರ ಆ ಹುಡುಗಿ ಹೋದ ತಿಂಗಳು ಇದೇ ಹೊಲಿಗೆ ಅಂಗಡಿಯಿಂದ ಒಂದು ಸುರುಳಿ ರಿಬ್ಬನ್ ಎತ್ತಿಕೊಂಡದ್ದು ನಿಜ. ಅಂದಿನಿಂದ ಬೀದಿಗೆಲ್ಲ ಅವಳು ‘ಕಳ್ಳಿ’. ಅವಳನ್ನು ಕಂಡರೆ ಬೇಕರಿಯವನ ಕೈ ತಾನಾಗಿ ಗಲ್ಲಾಪೆಟ್ಟಿಗೆಯ ಮೇಲೆ ಹೋಗುತ್ತಿತ್ತು.

“ನಾನು ತಗೊಂಡಿಲ್ಲ ದೊಡ್ಡಮ್ಮ,” ಎಂದಳು ಹುಡುಗಿ. ಆಮೇಲೆ ತಣ್ಣಗೆ, “ಹೇಗೂ ಕಳ್ಳಿ ಅಂತೀರಲ್ಲ. ಇನ್ಮೇಲೆ ಕದ್ದೇ ಬಿಡ್ತೀನಿ. ಹೆಸರಾದ್ರೂ ಸಾರ್ಥಕ ಆಗ್ಲಿ.”

ಟೈಲರಮ್ಮನ ಕೈಯಲ್ಲಿದ್ದ ಅಳತೆ ಟೇಪು ಗಕ್ಕನೆ ನಿಂತಿತು.

ಅಳತೆ ಕೊಡಲು ಬಂದಿದ್ದ ಪಕ್ಕದ ಮನೆಯ ನರ್ಸಕ್ಕ ಚಾಚಿದ ಕೈ ಇಳಿಸಿದಳು. “ಕೇಳಿಸ್ತಾ? ನಾವು ಯಾವ ಹೆಸರು ಹೊಲಿದು ಕೊಡ್ತೀವೋ, ಮಕ್ಕಳು ಆ ಅಳತೆಗೇ ಬೆಳೀತಾರೆ.”

“ಮತ್ತೆ ತಪ್ಪು ಮಾಡಿದ್ರೆ ತಲೆ ಸವರಲಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?”

“ಬಗ್ಗಿಸು, ಮುರೀಬೇಡ. ತಪ್ಪನ್ನ ತಪ್ಪು ಅನ್ನು, ಮಗೂನ ಕಳ್ಳಿ ಅನ್ನಬೇಡ. ರಿಬ್ಬನ್ ಹೋದಾಗ ನಿಂಗೇನು ತೊಂದ್ರೆ ಆಯ್ತು ಅಂತ ಕೂರಿಸಿ ಹೇಳಿದ್ಯಾ? ಸರಿಮಾಡೋಕೆ ದಾರಿ ಕೊಟ್ಯಾ? ಏಟಿಗೆ ಹೆದರೋರು ಯಾರೂ ನೋಡದಾಗ ಮತ್ತೆ ಮಾಡ್ತಾರೆ. ಅರ್ಥವಾದೋರು ಮಾಡಲ್ಲ.”

“ನಿನ್ನ ಪಾಠ ಆಸ್ಪತ್ರೇಲಿ ಇಟ್ಕೋ!”

ಅಷ್ಟರಲ್ಲಿ, ಬೆಳಿಗ್ಗೆಯಷ್ಟೇ ಹೊಸ ಕೋಟು ಒಯ್ದಿದ್ದ ಬ್ಯಾಂಡಿನ ತುತ್ತೂರಿಯವನು ಪಕ್ಕೆ ಹಿಡಿದುಕೊಂಡು ಬಂದ. “ಅಮ್ಮಾ, ಉಸಿರು ಎಳೆದಾಗಲೆಲ್ಲ ಈ ಕೋಟು ತಿವೀತದೆ. ಒಳಗೆ ಯಾರನ್ನಾದ್ರೂ ಇಟ್ಟು ಹೊಲಿದ್ರಾ?”

ಟೈಲರಮ್ಮ ಕೋಟಿನ ಒಳಪದರದ ಅಸ್ತರು ಬಿಚ್ಚಿದರೆ, ಪುಟ್ಟ ಕತ್ತರಿ!

“ಹಾಗಾದ್ರೆ ಇವತ್ತಿಂದ ನಿನ್ನ ಹೆಸರು...” ಎಂದು ನರ್ಸಕ್ಕ ಶುರುಮಾಡಿದಳು.

“ಬೇಡ ಮಾರಾಯ್ತಿ!” ಟೈಲರಮ್ಮ ಕಿವಿ ಮುಚ್ಚಿಕೊಂಡಳು. ಹುಡುಗಿ ಕಿಸಕ್ಕನೆ ನಕ್ಕಳು.

“ತಪ್ಪು ನಂದು ಮಗಳೇ. ಇನ್ಮೇಲೆ ಬಟ್ಟೆ ಹೊರಗೆ ಹೋಗೋ ಮುಂಚೆ ಕತ್ತರಿ, ಸೂಜಿ ಎಲ್ಲ ಇದೆಯಾ ಅಂತ ನೋಡೋಳು ನೀನೇ.”

ಹುಡುಗಿ ಮನೆಗೆ ಓಡಿದಳು. ಬಂದಾಗ ಕೈಯಲ್ಲಿ ಅರ್ಧ ಸುರುಳಿ ರಿಬ್ಬನ್. “ಇಷ್ಟೇ ಉಳಿದಿರೋದು ದೊಡ್ಡಮ್ಮ. ಮಿಕ್ಕಿದ್ದಕ್ಕೆ ಇಪ್ಪತ್ತು ಗುಂಡಿ ಹಚ್ಚಿಕೊಡ್ತೀನಿ.”

“ಮೂವತ್ತು!”

“ಇಪ್ಪತ್ತೈದು!”

ಟೈಲರಮ್ಮ ಒಪ್ಪಿದಳು. ಆಮೇಲೆ ಬನ್ನು ತರಲು ಹುಡುಗಿಯನ್ನು ಕಳಿಸಿ, ಬಾಗಿಲಿಗೆ ಬಂದು ಎದುರಿನ ಬೇಕರಿಗೆ ಕೇಳುವಂತೆ ಕೂಗಿದಳು: “ಏನಪ್ಪಾ, ಗಲ್ಲಾ ಮೇಲಿಂದ ಕೈ ತೆಗಿ! ಬರ್ತಿರೋಳು ನನ್ನ ಅಂಗಡಿ ನೋಡ್ಕೊಳ್ಳೋಳು!”

ನಿಮ್ಮ ಬೀದಿಯಲ್ಲೂ ಇಂಥದೊಂದು ಹೆಸರು ಹೊತ್ತ ಮಗು ಇದ್ದೀತು. ತಪ್ಪು ಮಾಡಿದ್ದರೆ ಬಿಡಿಸಿ ಹೇಳಿ, ತಿದ್ದಿಕೊಳ್ಳಲು ಒಂದು ಕೆಲಸ ಕೊಡಿ. ಆ ಹೆಸರಿನ ಹೊಲಿಗೆಯನ್ನು ಮಾತ್ರ ಇವತ್ತೇ ಬಿಚ್ಚಿ. ಹೊಲಿದವರು ನಾವೇ ತಾನೆ?