ಹುಡಾಕ್ ಕೈಬೀಸಿದ ಭಾನುವಾರ

ಹ್ಯಾಮರ್ಸ್ ತಂಡ ಬದುಕಿದ್ದು ಒಂದೇ ವರ್ಷ, ೧೯೬೭ರಲ್ಲಿ. ಪೆನ್ಸಿಲ್ವೇನಿಯಾದ ನಮ್ಮ ಉಕ್ಕಿನ ಊರು ಬೆಂಟನ್ ಫೋರ್ಜ್‌ನ ತಂಡ ಅದು. ಆಡುತ್ತಿದ್ದದ್ದು ಚೆಂಡನ್ನು ಅವುಚಿಕೊಂಡು ಓಡುವ ನಮ್ಮ ಫುಟ್ಬಾಲು. ಆಡಿದ ಒಂಬತ್ತು ಪಂದ್ಯಗಳನ್ನೂ ಸೋತಿದ್ದೆವು. ಹತ್ತನೆಯದು ಭಾನುವಾರ, ಸೋಮವಾರದಿಂದ ತಂಡ ಬಂದ್ ಎಂದು ಮಾಲೀಕರು ಮೊದಲೇ ಹೇಳಿಬಿಟ್ಟಿದ್ದರು.

“ಒಂದಾದ್ರೂ ಗೆದ್ದು ಸಾಯೋಣ ಕಣ್ರೋ,” ಎಂದ ಹುಡಾಕ್. ಮೈದಾನದಲ್ಲಿ ಆಟ ನಡೆಸುವವನು ಅವನೇ. ವಾರವಿಡೀ ಅವನಿಗೆ ಕಾರ್ಖಾನೆಯಲ್ಲಿ ಕ್ರೇನಿಗೆ ಕೈಸನ್ನೆ ಮಾಡುವ ಕೆಲಸ.

ನಮ್ಮನ್ನು ಸೋಲಿಸುತ್ತಿದ್ದವರು ಆಟ ನೋಡಲು ಬರುತ್ತಿದ್ದ ನಮ್ಮೂರ ಜನವೇ. ಯಂತ್ರಗಳ ಸದ್ದಿನ ಮೇಲೆ ಕಿರುಚಿಯೇ ಮಾತಾಡುವವರಿಗೆ ಮೆಲುದನಿ ಎಲ್ಲಿಂದ ಬರಬೇಕು? ಚೆಂಡು ನಮ್ಮ ಕೈಯಲ್ಲಿದ್ದಾಗಲೇ ಗಂಟಲು ಹರಿದುಕೊಳ್ಳುತ್ತಿದ್ದರು. ಹೊರ ಊರಿಗೂ ಬಸ್ಸು ತುಂಬಿಕೊಂಡು ಬರುತ್ತಿದ್ದರು! ನಾನು ಹುಡಾಕ್‌ಗೆ ಬೆನ್ನು ಮಾಡಿ ಬಗ್ಗಿ, ಅವನು ಕೂಗಿದ ಕೂಡಲೇ ಕಾಲಸಂದಿಯಿಂದ ಚೆಂಡು ಕೊಡಬೇಕಾದವನು. ಕೂಗೇ ಕೇಳದೆ ಒಮ್ಮೆ ಬೇಗ ಕೊಡುತ್ತಿದ್ದೆ, ಒಮ್ಮೆ ತಡವಾಗಿ. ಬೈಗುಳ ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು.

ಭಾನುವಾರ, ಹತ್ತು–ಏಳರಿಂದ ನಾವು ಹಿಂದಿದ್ದೆವು. ಚೆಂಡು ಹಿಡಿದು ಗೆರೆ ದಾಟಿದರೆ ಆರು ಅಂಕ. ದಾಟಲು ಎರಡು ಗಜ, ಉಳಿದದ್ದು ಆರು ಸೆಕೆಂಡು. ಹುಡಾಕ್‌ನ ತಾಯಿ ವೆರೋನಾ ದನದ ಕೊರಳಗಂಟೆ ಹಿಡಿದು ಒಂದೇಸಮ ಬಾರಿಸುತ್ತಿದ್ದಳು.

“ಎಮಿಲ್, ಕೇಳಿಸ್ತಿದೆಯೇನೋ?” ಎಂದು ಹುಡಾಕ್ ನನ್ನ ಕಿವಿಗೇ ಬಾಯಿಟ್ಟು ಅರಚಿದ.

“ನಿಮ್ಮಮ್ಮನ ಗಂಟೆ ಬಿಟ್ರೆ ಇನ್ನೇನೂ ಇಲ್ಲ ಮಾರಾಯ!”

ಬಗ್ಗಿದೆ. ಸದ್ದು ಥಟ್ಟನೆ ನಿಂತಿತು. ನನ್ನ ಕಿವಿಯೇ ಹೋಯಿತೆಂದುಕೊಂಡೆ. ಕಾಲಸಂದಿಯಿಂದ ನೋಡಿದರೆ, ಹುಡಾಕ್ ಜನರತ್ತ ತಿರುಗಿ ಎರಡೂ ತೋಳು ಚಾಚಿ ಬೀಸುತ್ತಿದ್ದಾನೆ. ‘ಎಲ್ಲಾ ನಿಲ್ಲಿಸಿ’ ಎಂಬ ಸನ್ನೆ ಅದು. ಕಾರ್ಖಾನೆಯಲ್ಲಿ ಅದಕ್ಕೆ ನಿಲ್ಲದಿದ್ದರೆ ಯಾರದೋ ಜೀವ ಹೋಗುತ್ತದೆ. ಎರಡು ಸಾವಿರ ಜನ ಇದ್ದಲ್ಲೇ ನಿಂತಿದ್ದರು. ಯುದ್ಧಕಾಲದಲ್ಲಿ ಕ್ರೇನ್ ನಡೆಸಿದ್ದ ವೆರೋನಾಳ ಗಂಟೆಯೂ ಗಾಳಿಯಲ್ಲೇ ನಿಂತಿತ್ತು.

ಹುಡಾಕ್ ನನ್ನತ್ತ ತಿರುಗಿದ. “ಈಗ!”

ಎಷ್ಟು ಸ್ಪಷ್ಟವಾಗಿ ಕೇಳಿಸಿತು! ಚೆಂಡು ಕೊಟ್ಟೆ, ಎದುರಿನ ದಡಿಯನನ್ನು ಹಿಂದಕ್ಕೆ ನೂಕಿದೆ. ಹುಡಾಕ್ ನನ್ನ ಬೆನ್ನ ಮೇಲೆ ಹಾದು ಗೆರೆಯಾಚೆ ಬಿದ್ದ. ಹದಿಮೂರು–ಹತ್ತು. ಸಮಯ ಮುಗಿಯಿತು, ಗೆದ್ದೆವು.

ಯಾರೂ ಕೂಗಲಿಲ್ಲ. ನಿಲ್ಲಿಸಿದವನೇ ಮತ್ತೆ ಸನ್ನೆ ಕೊಡುವ ತನಕ ಅಲುಗಬಾರದೆಂಬುದು ಕಾರ್ಖಾನೆಯ ಕಟ್ಟಳೆ. ಎದುರಾಳಿಗಳು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದರು.

“ಲೋ, ಕೈ ಎತ್ತೋ!” ಎಂದೆ. “ಉಸಿರುಕಟ್ಟಿ ಸತ್ತೇಹೋಗ್ತಾರೆ!”

ಹುಡಾಕ್ ಮಣ್ಣಿನಿಂದೆದ್ದು, ತೋರುಬೆರಳು ಮೇಲೆ ಮಾಡಿ ಗಿರ್ರನೆ ಸುತ್ತಿಸಿದ. ‘ಮೇಲೆತ್ತಿ’ ಎಂಬ ಸನ್ನೆ.

ಅಬ್ಬಾ, ಆ ಕೂಗು! ಜನ ನುಗ್ಗಿ ಬಂದು, ಸನ್ನೆಗೆ ಸರಿಯಾಗಿ, ನಮ್ಮನ್ನು ಹೆಗಲಿಗೆತ್ತಿಯೇಬಿಟ್ಟರು. ಅಷ್ಟು ಖುಷಿಯನ್ನು ನಾನು ಮತ್ತೆ ಕಂಡಿಲ್ಲ. ಸೋಮವಾರ ತಂಡ ಇರಲಿಲ್ಲ. ನನ್ನ ಕಿವಿ ಮಾತ್ರ ಗುರುವಾರದವರೆಗೂ ಗುಂಯ್‌ಗುಡುತ್ತಿತ್ತು.