ಟೋಸ್ಟರಿನ ಇನ್ನರ್ಧ

ನಾನು ಒಂದು ಟೋಸ್ಟರ್. ಗೋಡೆಗೆ ವೈರು ಸಿಕ್ಕಿಸಿದರೆ ಬ್ರೆಡ್ಡನ್ನು ಟಣ್ಣನೆ ಮೇಲಕ್ಕೆ ಚಿಮ್ಮಿಸುವ ಜಾತಿಯಲ್ಲ. ಗ್ಯಾಸಿನ ಉರಿಯ ಮೇಲೆ ಇಟ್ಟು, ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು ಮಗುಚಿ ಹಾಕುವ ಉದ್ದ ಹಿಡಿಯ ಹಳೆಯ ಜಾತಿ. ಕರಗಿಸಿದ ಅಲ್ಯೂಮಿನಿಯಂ ಅಚ್ಚಿನಲ್ಲಿ ಆರಿದಾಗ ನಾನು ಎರಡು ತಟ್ಟೆಗಳಾಗಿದ್ದೆ. ಎರಡು ಅಂಗೈಗಳಿದ್ದಂತೆ. ಒಂದೊಂದರ ನಡುವೆಯೂ ಮೂಲೆಯಿಂದ ಮೂಲೆಗೆ ಒಂದು ಗೆರೆ ಎದ್ದು ನಿಂತಿತ್ತು. ಯಾರೋ ಎರಡನ್ನೂ ಎದುರುಬದುರು ಇಟ್ಟು, ತುದಿಯಲ್ಲಿ ಒಂದು ಸಣ್ಣ ಮೊಳೆ ತೂರಿಸಿ ಬಡಿದರು. ಹಿಡಿಗಳ ಕೊನೆಗೆ ಒಂದು ಕೊಕ್ಕೆ ಹಾಕಿದರು. ಅಂದಿನಿಂದ ನಾನು ಒಬ್ಬಳಾದೆ.

ದಾವಣಗೆರೆಯ ಪಾತ್ರೆ ಅಂಗಡಿಯೊಂದರಲ್ಲಿ ಬಹಳ ಕಾಲ ನೇತಾಡಿದೆ. ಕೊನೆಗೊಬ್ಬರು ಮದುವೆಯ ಮುಯ್ಯಿಗೆಂದು ಕೊಂಡರು. ಮದುಮಗಳ ಅತ್ತೆ ಪೊಟ್ಟಣ ಬಿಚ್ಚಿ ನನ್ನನ್ನು ತಲೆಕೆಳಗೆ ಮಾಡಿ ನೋಡಿ, "ಬ್ರೆಡ್ಡು ತಿನ್ನಾಕ ನಮ್ಮನ್ಯಾಗ ಯಾರಿಗವ್ವಾ ಜ್ವರ ಬಂದೈತಿ?" ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆಗೆಲ್ಲ ಬ್ರೆಡ್ಡು ಕಾಯಿಲೆಯವರ ಆಹಾರ. ನಾನು ಅಟ್ಟ ಸೇರಿದೆ. ಮುಂದಿನ ವರ್ಷ ಹೊಸ ಬಣ್ಣದ ಕಾಗದ ಸುತ್ತಿಸಿಕೊಂಡು ಇನ್ನೊಂದು ಮದುವೆಗೆ ಹೋದೆ. ಅಲ್ಲಿಂದ ಮತ್ತೊಂದಕ್ಕೆ. ಯಾರೂ ನನ್ನನ್ನು ಒಲೆಯ ಮೇಲೆ ಇಡಲಿಲ್ಲ. ಕೊಡಬೇಕಾಗಿ ಬಂದಾಗ ಮಾತ್ರ ನಾನು ಎಲ್ಲರಿಗೂ ನೆನಪಾಗುತ್ತಿದ್ದೆ.

ಹಾಗೆ ಕೈ ಬದಲಾಗುತ್ತ, ಹೊಲಿಗೆ ಕಲಿತು ಹೋಗುವ ಹುಡುಗಿಯೊಬ್ಬಳು ತನ್ನ ಟೀಚರುಗಳಿಗೆ ಕೊಟ್ಟ ಕಾಣಿಕೆಯಾಗಿ ಒಂದು ಮಹಡಿ ಹತ್ತಿದೆ.

ಅದು ಮಹಿಳೆಯರ ಹೊಲಿಗೆ ತರಬೇತಿ ಕೇಂದ್ರ. ಹಿಂದಿನ ಬೀದಿಯಲ್ಲಿ ಮಂಡಕ್ಕಿ ಭಟ್ಟಿಗಳಿದ್ದವು. ಕಿಟಕಿ ತೆಗೆದರೆ ಹುರಿದ ಅಕ್ಕಿಯ ವಾಸನೆ ಒಳಗೆ ಬರುತ್ತಿತ್ತು. ಸಾಲಾಗಿ ಕಾಲಲ್ಲಿ ತುಳಿಯುವ ಮಿಷನ್ನುಗಳು, ಮೂಲೆಯಲ್ಲಿ ಚಹಾ ಕಾಸಲು ಒಂದು ಒಲೆ. ಟೀಚರುಗಳು ಇಬ್ಬರೇ. ರವಿಕೆ, ಲಂಗ ಹೊಲಿಯುವುದನ್ನು ಕಲಿಸುವವಳು ಸರ್ವಮಂಗಳ. ಮದುವೆಯಾಗಿರಲಿಲ್ಲ. ತಾಯಿ ತೀರಿದ ಮೇಲೆ ಒಂದು ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಗ್ಯಾಸು ಆರಿಸಿದ ಮೇಲೂ ಮತ್ತೆ ಬಂದು ಮುಟ್ಟಿ ನೋಡುವ ಸ್ವಭಾವ. ಕಸೂತಿ ಕಲಿಸುವವಳು ಶಮೀಮ್. ಅವಳು ನಕ್ಕರೆ ಕೆಳಗಿನ ಅಂಗಡಿಯವರೂ ತಲೆ ಎತ್ತಿ ನೋಡುತ್ತಿದ್ದರು.

ನಾನು ಬರುವ ಮೊದಲು ಮಧ್ಯಾಹ್ನ ಅಲ್ಲಿ ಎರಡು ಊಟ ನಡೆಯುತ್ತಿತ್ತಂತೆ. ಹುಡುಗಿಯರು ಮನೆಗೆ ಹೋದ ಮೇಲೆ ಮಂಗಳ ಕಿಟಕಿಯ ಬಳಿ ಡಬ್ಬಿ ಬಿಚ್ಚುವಳು. ಶಮೀಮ್ ತನ್ನ ಡಬ್ಬಿ ತೆಗೆದುಕೊಂಡು ಬಟ್ಟೆಯ ಗಂಟುಗಳಿದ್ದ ಹಿಂದಿನ ಕೋಣೆಗೆ ಹೋಗುವಳು. ಅವಳ ಡಬ್ಬಿಯಲ್ಲಿ ಒಂದೊಂದು ದಿನ ಮೊಟ್ಟೆ ಇರುತ್ತಿತ್ತು, ಮಾಂಸ ಇರುತ್ತಿತ್ತು. ಹೋಗು ಎಂದು ಇವಳು ಹೇಳಿರಲಿಲ್ಲ, ಬರಲೇ ಎಂದು ಅವಳು ಕೇಳಿರಲಿಲ್ಲ. ನಡುವಿನ ಬಾಗಿಲು ತೆರೆದೇ ಇರುತ್ತಿತ್ತು. ದಾಟುವವರಿರಲಿಲ್ಲ.

ನನ್ನ ಪೊಟ್ಟಣ ಬಿಚ್ಚಿದ ದಿನ ಶಮೀಮ್ ನನ್ನನ್ನು ಎತ್ತಿ ಹಿಡಿದು ಹೇಳಿದಳು: "ನೋಡ್ರೀ ಟೀಚರ್, ಬ್ರೆಡ್ಡು ಬೇಕರಿದು. ನಿಮ್ಮ ಅಡುಗೆಮನೇದೂ ಅಲ್ಲ, ನಮ್ಮ ಅಡುಗೆಮನೇದೂ ಅಲ್ಲ. ಒಟ್ಟಿಗೆ ತಿನ್ನಬಹುದಲ್ವಾ?"

ಮಂಗಳ ನನ್ನ ಒಳಗನ್ನು ಬಗ್ಗಿ ನೋಡಿದಳು. "ಹೊಸದೇ ತಾನೇ? ಮೊದಲು ಇದರಲ್ಲಿ ಏನೂ ಮಾಡಿಲ್ಲ ಅಲ್ವಾ?"

"ಏನೂ ಮಾಡಿಲ್ಲ. ಕೋಳಿ ಇದನ್ನ ದೂರದಿಂದಲೂ ನೋಡಿಲ್ಲ."

ಮಂಗಳ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅಷ್ಟು ವರ್ಷ ಕಾಗದದೊಳಗೆ ಇದ್ದ ನನಗೆ ಅದೇ ಗೃಹಪ್ರವೇಶ.

ಆಮೇಲಿನದು ನನ್ನ ಒಳ್ಳೆಯ ಕಾಲ. ಎರಡು ತುಂಡು ಬ್ರೆಡ್ಡು, ನಡುವೆ ಈರುಳ್ಳಿ, ಟೊಮೇಟೊ, ಶೇಂಗಾ ಚಟ್ನಿಪುಡಿ, ಮೇಲೆ ಬೆಣ್ಣೆ. ಕೊಕ್ಕೆ ಟಕ್ ಎಂದರೆ ಇಬ್ಬರೂ ತಟ್ಟೆ ತೆಗೆದುಕೊಳ್ಳುವರು. ನನ್ನ ನಡುಗೆರೆ ಬಿದ್ದಲ್ಲಿ ಚಾಕು ಆಡಿಸಿದರೆ ಎರಡು ತ್ರಿಕೋನ. ಅರ್ಧ ಇವಳಿಗೆ, ಅರ್ಧ ಅವಳಿಗೆ. ಮತ್ತೆ ಇನ್ನೊಂದು ಸಲ ಸುಡುವುದು, ಮತ್ತೆ ಅರ್ಧ, ಅರ್ಧ. "ಈರುಳ್ಳಿ ಜಾಸ್ತಿ ಇರೋದನ್ನೇ ಹುಡುಕಿ ತಗೋತೀರಲ್ಲ" ಎಂದು ಶುರುವಾದ ಜಗಳ, ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ "ತಗೋತೀಯಲ್ಲೇ" ಎಂದಾಯಿತು. ನನ್ನ ಹಿಡಿಯ ಕರಿ ಪ್ಲಾಸ್ಟಿಕ್ಕು ಸೀಳಿದಾಗ ಶಮೀಮ್ ಕಸೂತಿ ದಾರ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಕೆಂಪು ದಾರ. ಮಸಿ ಹಿಡಿದರೂ ಅದರ ಬಣ್ಣ ಪೂರ್ತಿ ಹೋಗಲಿಲ್ಲ.

ವಯಸ್ಸಾಯಿತು. ಶಮೀಮಳ ಗಂಡ ತೀರಿಕೊಂಡ. ಮಗಳು ಬಳ್ಳಾರಿಗೆ ಕರೆದಳು. ಹೋಗುವ ದಿನ ಅವಳು ನನ್ನನ್ನು ತೊಳೆದು ಒರೆಸಿ ಗೋಡೆಯ ಮೊಳೆಗೆ ತೂಗುಹಾಕಿದಳು. "ಇದು ನಿನ್ನ ಹತ್ರಾನೇ ಇರಲಿ ಮಂಗಳಾ. ಮಧ್ಯಾಹ್ನ ಉಪವಾಸ ಕೂತೀಯ."

ಮರುದಿನ ಮಂಗಳ ಎರಡು ತುಂಡು ಬ್ರೆಡ್ಡು ಇಟ್ಟಳು, ಕೊಕ್ಕೆ ಹಾಕಿದಳು, ಗೆರೆಯ ಮೇಲೆ ಚಾಕು ಆಡಿಸಿದಳು. ಒಂದು ಅರ್ಧ ತಿಂದಳು. ಇನ್ನೊಂದು ಅರ್ಧ ತಟ್ಟೆಯಲ್ಲಿ ಆರುತ್ತಿತ್ತು. ಹಿಂದಿನ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಆಹಾರ ಬಿಸಾಡಬಾರದಲ್ಲ, ಅದನ್ನೂ ತಿಂದಳು. ಕೈಗೆ ಅಭ್ಯಾಸವಾದ್ದರಿಂದ ಎರಡನೇ ಸಲವೂ ಸುಟ್ಟಳು. ಒಬ್ಬಳಿಗೆಂದು ಬೇಕರಿಯವನು ಬೇರೆ ಪ್ಯಾಕೆಟ್ಟು ಮಾಡುವುದಿಲ್ಲ. ಬೂಷ್ಟು ಹಿಡಿಯುವ ಮೊದಲು ಮುಗಿಸಬೇಕು. ಹೀಗೆ ಇಬ್ಬರ ಊಟ ಒಬ್ಬಳ ಹೊಟ್ಟೆಗೆ ಹೋಗತೊಡಗಿತು. ಯಾರೂ ನೋಡಲಿಲ್ಲ. ನಾನು ನೋಡಿದೆ, ಆದರೆ ನನ್ನ ಬಾಯಿ ತೆರೆದರೆ ಹೊಗೆ ಬರುತ್ತದೆ, ಮಾತು ಬರುವುದಿಲ್ಲ.

ಒಂದು ಬೆಳಿಗ್ಗೆ ಮಂಗಳ ಮೆಟ್ಟಿಲು ಹತ್ತಿ ಒಳಗೆ ಬಂದಾಗ ಕಸ ಗುಡಿಸುವ ಕೊಟ್ರಮ್ಮ ಪೊರಕೆ ಹಿಡಿದೇ ನಿಂತಳು. "ಟೀಚರ್, ಒಂದು ಕಾಲಾಗ ಚಪ್ಲಿ ಎಲ್ಲೈತ್ರಿ?"

ಮಂಗಳ ಕೆಳಗೆ ನೋಡಿದಳು. ಬಲಗಾಲು ಬರಿದಾಗಿತ್ತು. ಚಪ್ಪಲಿ ಕೆಳಗಿನ ಮೆಟ್ಟಿಲ ಮೇಲೆ ಸಿಕ್ಕಿತು. ಅದು ಯಾವಾಗ ಕಳಚಿತೋ ಕಾಲಿಗೆ ಗೊತ್ತೇ ಆಗಿರಲಿಲ್ಲ. ಕೊಟ್ರಮ್ಮ ನಕ್ಕಳು. ಮಂಗಳ ನಗಲಿಲ್ಲ. ಆ ದಿನ ಹುಡುಗಿಯರಿಗೆ ತೋಳು ಹಚ್ಚುವುದನ್ನು ತೋರಿಸುವಾಗ ಮಿಷನ್ನು ಅವಳ ಮಾತು ಕೇಳಲಿಲ್ಲ. ನಿಲ್ಲಿಸಿದೆನೆಂದು ಅವಳು ಅಂದುಕೊಂಡರೂ ಕಾಲು ತುಳಿಯುತ್ತಲೇ ಇತ್ತು. ಹೊಲಿಗೆ ಗೆರೆ ದಾಟಿ ಬಟ್ಟೆಯ ಮೇಲೆ ಓಡಿತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಡಾಕ್ಟರಮ್ಮ ಹೇಳಿದ್ದನ್ನು ಅವಳು ಕೊಟ್ರಮ್ಮನ ಮುಂದೆ ಹೇಳಿಕೊಂಡಳು. ಹೇಳಲು ಬೇರೆ ಯಾರಿದ್ದರು? "ಸಕ್ಕರೆ ಕಾಯಿಲೆ ಅಂತೆ. ನರಕ್ಕೆ ಇಳಿದಿದೆಯಂತೆ. ಕಾಲು ಉಳಿಸಿಕೋಬೇಕಾದರೆ ಮೊದಲು ಮಧ್ಯಾಹ್ನದ ಬ್ರೆಡ್ಡು ಬಿಡಿ ಅಂದರು." ಸ್ವಲ್ಪ ತಡೆದು ಸಣ್ಣ ದನಿಯಲ್ಲಿ ಹೇಳಿದಳು, "ಕಾಲು ಹೋದರೆ ಮಿಷನ್ನು ಹೋಯಿತು. ಮಿಷನ್ನು ಹೋದರೆ ನನಗೆ ಇನ್ನೇನಿದೆ ಕೊಟ್ರಮ್ಮ?"

"ಅಯ್ಯ, ಬ್ರೆಡ್ಡು ಬಿಟ್ರ ಏನಾತು? ಮಂಡಕ್ಕಿ ತಿನ್ರಿ. ಊದಿದ್ರ ಹಾರಿ ಹೋಗ್ತೈತಿ. ಅದ್ರಾಗ ಸಕ್ರಿ ಎಲ್ಲಿ ಕೂಡ್ತೈತಿ?"

ಮಂಗಳ ಓದಿದವಳು. ಆದರೂ ಕಿಟಕಿಯಿಂದ ಬರುವ ಆ ವಾಸನೆ, ಕೈಯಲ್ಲಿ ಹಿಡಿದರೆ ಇಲ್ಲವೇ ಇಲ್ಲ ಅನ್ನಿಸುವ ಆ ಹಗುರ. ನಮ್ಮೂರಿನಲ್ಲಿ ಮಂಡಕ್ಕಿಯನ್ನು ಯಾರು ಊಟ ಎಂದು ಎಣಿಸುತ್ತಾರೆ? ನನ್ನನ್ನು ಮೊಳೆಗೆ ತೂಗುಹಾಕಿ, ದಿನವೂ ಒಂದು ಬೋಗುಣಿ ಒಗ್ಗರಣೆ ಮಂಡಕ್ಕಿ ತಿಂದಳು. ಅದು ಬೇಸರವಾದಾಗ ಅವಲಕ್ಕಿ. ಶನಿವಾರ ಸಬ್ಬಕ್ಕಿ. ಎಲ್ಲವೂ ಹಗುರವೇ. ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇನ್ನೂ ಮೇಲಕ್ಕೆ ಹೋಗಿತ್ತು.

"ಬ್ರೆಡ್ಡು ಬಿಟ್ಟು ಅಕ್ಕಿಯನ್ನೇ ಉಬ್ಬಿಸಿಕೊಂಡು ತಿಂದಿದ್ದೀರಲ್ಲಮ್ಮ ಅಂತ ಬೈದರು" ಎಂದು ಬಂದು ಹೇಳಿದಳು. ಕೊಟ್ರಮ್ಮ ಪಾಪ, ಆ ದಿನ ಗುಡಿಸಿದ್ದನ್ನೇ ಮತ್ತೆ ಮತ್ತೆ ಗುಡಿಸಿದಳು.

ಆಮೇಲೆ ಸೌತೆಕಾಯಿ, ಮೂಲಂಗಿ ಬಂದವು. ಮೂರು ಗಂಟೆಗೇ ಹಸಿವಾಗಿ ಕಣ್ಣು ಮಂಜಾಗಿ, ಸೂಜಿಗೆ ದಾರ ಏರುತ್ತಿರಲಿಲ್ಲ. ಹುರಿದ ಶೇಂಗಾ ಒಂದು ವಾರ, ಎದೆ ಉರಿಯಿತು. ಡಾಕ್ಟರಮ್ಮ ಮೊಟ್ಟೆ ಎಂದರಂತೆ; ಇವಳು ಬೇರೆ ಏನಾದರೂ ಹೇಳಿ ಎಂದಳಂತೆ. ನಾನು ಗೋಡೆಯ ಮೇಲಿನಿಂದ ಎಲ್ಲವನ್ನೂ ನೋಡುತ್ತಿದ್ದೆ. ಬ್ರೆಡ್ಡಿಗೆಂದೇ ಹುಟ್ಟಿದ ನನಗೆ ಬ್ರೆಡ್ಡಿಲ್ಲದ ಮಹಡಿಯಲ್ಲಿ ಏನು ಕೆಲಸ? ಒಂದು ಜೇಡ ನನ್ನ ಹಿಡಿಗಳ ನಡುವೆ ಬಲೆ ಕಟ್ಟಿತು. ನನಗೆ ಬೇಡವೆನ್ನಿಸಲಿಲ್ಲ. ಯಾರೋ ಒಬ್ಬರು ಇದ್ದಂತಾಯಿತು.

ಶಮೀಮ್ ಮಧ್ಯಾಹ್ನಗಳಲ್ಲಿ ಫೋನು ಮಾಡುತ್ತಿದ್ದಳು. ಖಾಲಿ ಕೋಣೆಯಲ್ಲಿ ಅವಳ ದನಿ ನನಗೂ ಕೇಳಿಸುತ್ತಿತ್ತು.

"ಊಟ ಆಯ್ತಾ?"

"ಆಯ್ತು."

"ಏನು?"

"ಇನ್ನೇನು, ಅದೇ ಬ್ರೆಡ್ಡು. ನಿಂದು?"

"ನಂದೂ ಅದೇ."

ಮಂಗಳ ಫೋನಿಟ್ಟು ಸೌತೆಕಾಯಿಯ ತಟ್ಟೆಯ ಕಡೆ ತಿರುಗುತ್ತಿದ್ದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು. ಆದರೆ ಬ್ರೆಡ್ಡು ಬಿಟ್ಟೆ ಎಂದರೆ ಆ ಮಧ್ಯಾಹ್ನಗಳನ್ನೇ ಬಿಟ್ಟೆ ಎಂದಂತೆ ಆಗುತ್ತದೆ ಎಂದು ಅವಳಿಗೆ ಹೆದರಿಕೆ.

ಒಂದು ದಿನ ಅವಳು ಮನೆಯಿಂದ ಒಂದು ಡಬ್ಬಿ ತಂದಳು. ರಾತ್ರಿ ನೆನೆಸಿದ ಹೆಸರುಕಾಳು, ಹಸಿಮೆಣಸಿನಕಾಯಿ, ಶುಂಠಿ ಹಾಕಿ ರುಬ್ಬಿದ್ದು. ಒಲೆ ಹೊತ್ತಿಸಿ ಸುತ್ತ ನೋಡಿದಳು. ಅಲ್ಲಿ ತವೆ ಇರಲಿಲ್ಲ. ಇದ್ದದ್ದು ನಾನು. ಜೇಡವನ್ನು ಮೆಲ್ಲಗೆ ಕಿಟಕಿಯ ಹೊರಗೆ ಬಿಟ್ಟು ನನ್ನನ್ನು ತೊಳೆದಳು.

ಮೊದಲ ಸಲ ಮಾನ ಹೋಯಿತು. ಹಿಟ್ಟು ನೀರಾಗಿತ್ತು. ಮಗುಚಿದೊಡನೆ ನನ್ನ ಅಂಚುಗಳಿಂದ ಸುರಿದು ಒಲೆ ಆರಿತು. ಮಾರನೆಯ ದಿನ ಗಟ್ಟಿಯಾಗಿ ರುಬ್ಬಿದಳು, ಹೆಚ್ಚಿದ ಎಲೆಕೋಸು, ಮೆಂತ್ಯಸೊಪ್ಪು ಸೇರಿಸಿ ಕಲಸಿದಳು, ನನಗೆ ಎಣ್ಣೆ ಸವರಿದಳು. ಟಕ್. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ! ತೆರೆದಾಗ ಹೊಂಬಣ್ಣಕ್ಕೆ ತಿರುಗಿದ ಹಸಿರು ಬಿಲ್ಲೆ, ನಡುವೆ ನನ್ನದೇ ಗೆರೆ. ಕೊಟ್ರಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು, "ಉಪ್ಪು ಕಮ್ಮಿ. ಆದ್ರ ಇದಕ್ಕ ಜ್ವರದ ವಾಸ್ನಿ ಇಲ್ಲ ನೋಡ್ರಿ" ಎಂದಳು.

ಒಂದೇ ಸಲ ಸುಡುವಳು. ಅರ್ಧ ಮಧ್ಯಾಹ್ನಕ್ಕೆ, ಸೌತೆಕಾಯಿಯ ಜೊತೆ. ಇನ್ನರ್ಧ ಡಬ್ಬಿಗೆ, ಸಂಜೆಗೆ. ತಿಂಗಳುಗಳು ಕಳೆದ ಮೇಲೆ ಸಕ್ಕರೆ ಇಳಿಯಿತು. ಕಾಲು ಮೊದಲಿನ ಕಾಲಾಗಲಿಲ್ಲ. ಆದರೆ ಮರಗಟ್ಟುವುದು ಬೆರಳುಗಳಿಂದ ಮುಂದಕ್ಕೆ ಹೋಗದೆ ನಿಂತಿತು. ಚಪ್ಪಲಿಗೆ ಹಿಂದೆ ಪಟ್ಟಿ ಹಾಕಿಸಿಕೊಂಡಳು. ಮಿಷನ್ನಿನ ಮುಂದೆ ಮಾತ್ರ ಅದನ್ನು ಬಿಚ್ಚಿ, ಬರಿಗಾಲು ತುಳಿಯುವುದನ್ನು ಕಣ್ಣಿನಿಂದ ನೋಡಿ ನೋಡಿ ಹೊಲಿದಳು. ಕಾಲಿಗೆ ಗೊತ್ತಾಗದ್ದು ಕಣ್ಣಿಗೆ ಗೊತ್ತಾಗುತ್ತಿತ್ತು.

ಆ ಬೇಸಿಗೆಯಲ್ಲಿ ಶಮೀಮ್ ಬಂದಳು. ನೆಂಟರ ಮದುವೆಗೆಂದು ದಾವಣಗೆರೆಗೆ ಬಂದವಳು ಮಧ್ಯಾಹ್ನ ಹುಡುಕಿಕೊಂಡು ಮಹಡಿ ಹತ್ತಿದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಗು ಮಾತ್ರ ಹಾಗೇ ಇತ್ತು. ಅವಳ ಕೈಯಲ್ಲಿ ಒಂದು ಪ್ಯಾಕೆಟ್ಟು ಬ್ರೆಡ್ಡು. "ಅದೇ ಬೇಕರಿದು. ಒಲೆ ಹಚ್ಚು."

ಮಂಗಳ ಪ್ಯಾಕೆಟ್ಟು ಬಿಚ್ಚಿದಳು. ಎರಡು ತುಂಡು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಅವಳ ಬೆರಳು ನನ್ನ ಹಿಡಿಯ ಕೆಂಪು ದಾರದ ಮೇಲೆ ನಿಂತೇ ಬಿಟ್ಟಿತು. ಕೊಕ್ಕೆ ಬೀಳಲಿಲ್ಲ.

"ಶಮೀಮ್, ನನಗೆ ಬ್ರೆಡ್ಡು ಬಿಡಿಸಿದ್ದಾರೆ."

"ಯಾರು?"

"ಡಾಕ್ಟರು. ಕಾಲಿಗೆ ಬಂದಿತ್ತು." ಒಂದೇ ಉಸಿರಿಗೆ ಎಲ್ಲ ಹೇಳಿದಳು. ಚಪ್ಪಲಿ, ಮಂಡಕ್ಕಿ, ಗೆರೆ ದಾಟಿದ ಹೊಲಿಗೆ.

ಶಮೀಮ್ ಬಗ್ಗಿ ಅವಳ ಪಾದ ಮುಟ್ಟಿದಳು. "ಗೊತ್ತಾಗ್ತದಾ?"

"ಇಲ್ಲಿ ಗೊತ್ತಾಗ್ತದೆ. ಬೆರಳಿಗೆ ಇಲ್ಲ."

ಶಮೀಮ್ ಆ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಆಮೇಲೆ ತಲೆ ಎತ್ತಿ, "ಮತ್ತೆ ಫೋನಲ್ಲಿ ಬ್ರೆಡ್ಡು ತಿಂದೆ, ಬ್ರೆಡ್ಡು ತಿಂದೆ ಅಂತಿದ್ದೆಯಲ್ಲೇ, ಸುಳ್ಳಿ!"

"ನೀನು ಅದೇ ತಿಂದೆ ಅಂತಿದ್ದೆಯಲ್ಲ, ಅದಕ್ಕೇ."

"ನಾನಾ? ಬಳ್ಳಾರಿಗೆ ಹೋದ ಮೇಲೆ ಒಂದು ಚೂರು ಮುಟ್ಟಿಲ್ಲ. ನನಗೆ ಬ್ರೆಡ್ಡು ಮೊದಲಿಂದಲೂ ಸೇರಲ್ಲ. ಬಾಯಲ್ಲಿ ಹತ್ತಿ ಇಟ್ಟ ಹಾಗೆ."

"ಅಷ್ಟು ವರ್ಷ ತಿಂದೆಯಲ್ಲ ಮತ್ತೆ?"

"ನೀನು ಇಷ್ಟಪಟ್ಟು ತಿಂತಿದ್ದೆ ಅಂತ."

ಮಂಗಳ ಅವಳನ್ನೇ ನೋಡಿದಳು. "ನನಗೂ ಗಂಟಲಲ್ಲಿ ಇಳೀತಿರಲಿಲ್ಲ ಶಮೀಮ್. ಬೆಣ್ಣೆ ಹಚ್ಚಿ ನೂಕ್ತಿದ್ದೆ."

ಇಬ್ಬರೂ ನಕ್ಕ ರಭಸಕ್ಕೆ ಕೊಟ್ರಮ್ಮ ಓಡಿ ಬಂದಳು. ನನ್ನೊಳಗಿನ ಎರಡು ತುಂಡೂ ಸೇರಿ ಬ್ರೆಡ್ಡಿನ ಪ್ಯಾಕೆಟ್ಟು ಅವಳ ಕೈಗೆ ಬಂತು. "ನನಗೇನು ಜ್ವರ ಬಂದೈತೇನ್ರಿ?" ಎನ್ನುತ್ತಲೇ ಅದನ್ನು ಮೊಮ್ಮಕ್ಕಳಿಗೆಂದು ಸೆರಗಿನಲ್ಲಿ ಕಟ್ಟಿಕೊಂಡಳು. ನಾನು ತೆರೆದ ಬಾಯಿಯಲ್ಲೇ ಇದ್ದೆ. ನನ್ನ ಬಾಳೆಲ್ಲ ಬ್ರೆಡ್ಡು, ಮತ್ತು ಆ ಬ್ರೆಡ್ಡು ಇಬ್ಬರಿಗೂ ಬೇಕಿರಲಿಲ್ಲ!

ಮಂಗಳ ತನ್ನ ಮನೆಯ ಹಿಟ್ಟಿನ ಡಬ್ಬಿ ತೆಗೆದಳು. ಶಮೀಮ್ ತನ್ನ ಚೀಲದಿಂದ ಒಂದು ಡಬ್ಬಿ ತೆಗೆದು, ತೆರೆಯದೆ ಕೈಯಲ್ಲೇ ಹಿಡಿದುಕೊಂಡಳು. "ಬರೀ ಬದನೆಕಾಯಿ ಪಲ್ಯ. ಆದರೆ ನಮ್ಮ ಅಡುಗೆಮನೇದು."

ಮಂಗಳ ತನ್ನ ತಟ್ಟೆಯನ್ನು ಅವಳ ಕಡೆ ಸರಿಸಿದಳು.

ನಾನು ಆ ದಿನ ಮೈಮರೆತು ಕಾದೆ. ಎರಡನೇ ಸಲ ಮಗುಚುವಾಗ ನನ್ನೆರಡು ತಟ್ಟೆಗಳನ್ನು ಹಿಡಿದಿದ್ದ ಮೊಳೆ ತುಂಡಾಗಿ ನೆಲಕ್ಕೆ ಬಿತ್ತು. ಸವೆದು ದಾರದಷ್ಟಾಗಿತ್ತು ಅದು. ನಾನು ಮತ್ತೆ ಎರಡು ತಟ್ಟೆಗಳಾದೆ, ಹುಟ್ಟಿದಾಗ ಇದ್ದಂತೆ.

"ಅಯ್ಯೋ, ರಿಪೇರಿಗೆ ಕೊಡೋಣ" ಎಂದಳು ಮಂಗಳ.

ಶಮೀಮ್ ಎರಡನ್ನೂ ಎರಡು ಕೈಯಲ್ಲಿ ತೂಗಿ ನೋಡಿದಳು. "ಯಾಕೆ? ಒಂದೊಂದೂ ಒಂದು ಪುಟ್ಟ ಕಾವಲಿ. ಒಬ್ಬರ ಊಟಕ್ಕೆ ಸರಿಹೋಗ್ತದೆ. ಒಂದು ನಿನಗೆ, ಒಂದು ನನಗೆ." ಕೆಂಪು ದಾರದ ಹಿಡಿಯಿದ್ದ ಅರ್ಧವನ್ನು ಇಲ್ಲೇ ಬಿಟ್ಟು, ಇನ್ನೊಂದನ್ನು ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಮಂಗಳ ಬಸ್‌ಸ್ಟ್ಯಾಂಡಿನ ತನಕ ಹೋಗಿ ಬಂದು, ಬೆಳಕು ಹಾಕದೆ ಬಹಳ ಹೊತ್ತು ಮಿಷನ್ನಿನ ಮುಂದೆ ಕೂತಿದ್ದಳು. ಆಮೇಲೆ ಎದ್ದು ಗ್ಯಾಸು ಮುಟ್ಟಿ ನೋಡಿದಳು.

ಈಗ ನಾನು ಅರ್ಧ. ಮೊದಲು ಕಣ್ಣು ಬಿಟ್ಟರೆ ಎದುರಿಗೆ ನನ್ನದೇ ಇನ್ನೊಂದು ಅಂಗೈ ಇರುತ್ತಿತ್ತು. ಈಗ ಮಹಡಿಯ ಹಳೆಯ ಫ್ಯಾನು ಕಾಣುತ್ತದೆ. ಮಧ್ಯಾಹ್ನ ಮಂಗಳ ನನ್ನ ಮೇಲೆ ಒಂದು ಸೌಟು ಹಿಟ್ಟು ಹರಡುತ್ತಾಳೆ. ಗೆರೆ ಈಗಲೂ ಮೂಡುತ್ತದೆ, ಆದರೆ ಒಂದೇ ಮಗ್ಗುಲಿಗೆ, ಆಳವಿಲ್ಲದೆ. ಅವಳು ಅದರ ಮೇಲೆ ಚಾಕು ಆಡಿಸುವುದಿಲ್ಲ. ಇಡಿಯಾಗಿ ತಟ್ಟೆಗೆ ಹಾಕಿಕೊಳ್ಳುತ್ತಾಳೆ. ನಮ್ಮಿಬ್ಬರಿಗೂ ಅಭ್ಯಾಸವಾಗಿದೆ ಎಂದು ಹೇಳಬಹುದು; ಅಭ್ಯಾಸವಾಗುವುದು ಬೇರೆ, ಮರೆಯುವುದು ಬೇರೆ.

ಫೋನು ಬರುತ್ತದೆ.

"ಊಟ ಆಯ್ತಾ?"

"ಈಗ ಮಾಡ್ತಿದ್ದೇನೆ. ಹೆಸರುಕಾಳು, ಇವತ್ತು ಮೂಲಂಗಿ ಸೊಪ್ಪು ಹಾಕಿದ್ದೆ. ನಿಂದು?"

"ನಂದೂ ಒಲೆ ಮೇಲಿದೆ."

ಆಗ ನಾನು ಚುಂಯ್‌ಗುಟ್ಟುವುದನ್ನು ನಿಲ್ಲಿಸಿ ಕಿವಿಗೊಡಲು ನೋಡುತ್ತೇನೆ. ಬಳ್ಳಾರಿಯ ಆ ಒಲೆಯ ಮೇಲೆ ನನ್ನ ಇನ್ನರ್ಧ ಕಾಯುತ್ತಿರಬೇಕು. ಆದರೆ ಅಷ್ಟು ಸಣ್ಣ ಸದ್ದು ಫೋನಿನಲ್ಲಿ ಕೇಳಿಸುವುದಿಲ್ಲ.